ಮೌಶಿ ಹುಡುಕಿದ ಖೋಲಿ

ಮೌಶಿಯ ಮುಂದಿನ ಎರಡು ಹಲ್ಲುಗಳ ನಡುವೆ ದೊಡ್ಡ ಸಂದು. ತಾನು ಹುಟ್ಟಿದ ಊರಿನ ಹೆಸರು ಹೇಳುವಾಗ ಅಲ್ಲಿಂದ ಸಣ್ಣ ಸೀಟಿ ಹೊರಡುತ್ತಿತ್ತು: ಸೂಪಾ. ಅಣೆಕಟ್ಟಿನ ನೀರು ಆ ಊರನ್ನು ನುಂಗಿದಾಗ ಅವಳಿಗೆ ಹೊಸದಾಗಿ ಮದುವೆಯಾಗಿತ್ತು. ಗಂಡನೊಂದಿಗೆ ದಾಂಡೇಲಿಗೆ ಬಂದು, ನಮ್ಮ ಚಾಳಿನಲ್ಲಿ ನಮ್ಮ ಮನೆಗೆ ಅಂಟಿದ ಒಂದೇ ಕೋಣೆಯ ಕೊನೆಯ ಖೋಲಿಯನ್ನು ಬಾಡಿಗೆ ಹಿಡಿದಳು; ಓಣಿಗೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಆದಳು. ನನ್ನ ಅವ್ವ ತೀರಿಕೊಂಡ ಮೇಲೆ ನನಗೆ ಜಡೆ ಹೆಣೆದವಳು, ಉಣ್ಣಿಸಿದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದವಳು ಅವಳೇ. "ನಡುವ ಗ್ವಾಡಿ ಒಂದ ಐತಿ. ಅತ್ತಾಗಿನ ಕೂಸು, ಇತ್ತಾಗಿನ ಕೂಸು ಅಂತ ಬ್ಯಾರೆ ಇರ್ತಾವೇನು?" ಎನ್ನುತ್ತಿದ್ದಳು.

ಕಾಳಿ ನದಿಯಲ್ಲಿ ರಾಫ್ಟಿಂಗ್‌ಗೆ ಬರುವವರು ಹೆಚ್ಚಿದಂತೆ ಓಣಿಯ ಮನೆಗಳು ಒಂದೊಂದಾಗಿ ಹೋಂಸ್ಟೇ ಆದವು. ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದಲ್ಲಿ ಶನಿವಾರಕ್ಕೊಮ್ಮೆ ಸ್ಪೀಕರು ಅಬ್ಬರಿಸತೊಡಗಿತು. ಕಡೆಗೆ ನಮ್ಮ ಚಾಳಿಗೂ ಮಾಲಕರ ಮಗ ಬಂದ.

"ಮೌಶಿ, ದಸರಾದೊಳಗ ಖೋಲಿ ಬಿಡ್ರಿ. ಕೆಡವಿ ಹೊಸಾದು ಕಟ್ಟಸ್ತೇವಿ."

ಆ ಹೊತ್ತಿಗೆ ಅವಳ ಗಂಡ, ನಮ್ಮ ಕಾಕಾ, ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು.

ಮನೆ ಹುಡುಕುತ್ತ ಇಬ್ಬರೂ ಹಳಿಯಾಳದವರೆಗೆ ಅಲೆದೆವು. ನನಗೆ ಅಲ್ಲೊಂದು ಖೋಲಿ ಸಿಕ್ಕಿತು; ರೋಗಿಯನ್ನು ತರಕೂಡದೆಂದು ಮಾಲಕರು ಮೊದಲೇ ಹೇಳಿದ್ದರು. ಇನ್ನೊಂದು ಮನೆಯಾಕೆ ನಮ್ಮನ್ನು ಕೂರಿಸಿ ಚಹಾ ಕೊಟ್ಟು, ಕಾಕಾನ ಸ್ಥಿತಿ ಕೇಳಿದಳು. "ತಪ್ಪ ತಿಳಕೋಬ್ಯಾಡ್ರಿ. ಖೋಲ್ಯಾಗ ಹೆಚ್ಚುಕಡಿಮಿ ಆದ್ರ ಮುಂದ ಯಾರೂ ಬಾಡಿಗಿ ಬರಂಗಿಲ್ರಿ."

"ಖರೇರಿ," ಅಂದಳು ಮೌಶಿ. "ಆದ್ರ ಅವರು ಎಲ್ಲ್ಯರ ಸಾಯಬೇಕಲ್ರಿ."

ಮುಂದಿನ ಬಾಗಿಲಿಗೆ ಹೋಗುವ ಮೊದಲು ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡಳು. ಮಂಗಳಸೂತ್ರ ಬಿಚ್ಚಿ ನನ್ನ ಕೈಗಿಟ್ಟಳು. ಗಂಡ ಇಲ್ಲ, ಒಬ್ಬಳೇ ಇದ್ದೇನೆ ಎಂದಳು. ಖೋಲಿ ಸಿಕ್ಕಿತು.

ಆ ಮಾಲಕರು ಪರಊರಿಗೆ ಹೋದ ದಿನ ಕಾಕಾನನ್ನು ಟೆಂಪೋದಲ್ಲಿ ತಂದು ಒಳಗೆ ಮಲಗಿಸಿದೆವು. ಅಂದಿನಿಂದ ಕಿಟಕಿ ತೆರೆಯಲಿಲ್ಲ. ಕಾಕಾ ಕೆಮ್ಮಿದರೆ ಮೌಶಿ ತಾನೂ ಜೋರಾಗಿ ಕೆಮ್ಮುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಫೋನು ಬಂತು. "ಅವರು ಹೋದ್ರು. ಬಾ. ಓಣ್ಯಾಗ ಅಳಬ್ಯಾಡ."

ಹೋದಾಗ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ತೆಗೆದು ಪಿಸುಗುಟ್ಟಿದಳು: "ಸೂಪಾ ಬಿಡುವಾಗ ಊರಿಗೆ ಊರ ಅತ್ತಿತ್ತು. ಇವರಿಗೆ ಒಬ್ಬಾಕಿನೂ ಅಳೂಹಂಗಿಲ್ಲ ನೋಡು." ಆಮೇಲೆ ನನ್ನ ಕಡೆ ಕೈ ಚಾಚಿದಳು. "ಮಂಗಳಸೂತ್ರ ಕೊಡು. ಕುಂಕುಮ ಹಚ್ಚು." ಆ ದಿನದಿಂದ ನನ್ನ ಚೀಲದಲ್ಲೇ ಇದ್ದ ಸರ ಕೊಟ್ಟು ಕುಂಕುಮ ಹಚ್ಚಿದೆ. ಗಂಡನ ಮುಂದೆ ಒಂದು ಗಳಿಗೆ ಹಾಗೆಯೇ ಕೂತಳು. ಎದ್ದು ಬಾಗಿಲು ತೆರೆದು, ಎದೆ ಬಡಿದುಕೊಂಡು ಅತ್ತಳು. ಓಣಿಯೆಲ್ಲ ಹೊರಗೆ ಬಂತು.

ಆ ಖೋಲಿಯನ್ನೂ ಬಿಡಬೇಕಾಯಿತು. ನನ್ನಲ್ಲಿಗೆ ಕರೆತಂದು, ಅವ್ವ ಎಂದು ಮಾಲಕರಿಗೆ ಹೇಳಿದೆ. ಬಂದವಳು ಸರಿಯಾಗಿ ಉಣ್ಣಲಿಲ್ಲ. ಆ ಮಳೆಗಾಲ ದಾಟಲಿಲ್ಲ.

ಅವಳ ಮಣ್ಣು ಮುಗಿಸಿ ಬಂದಾಗ ಮಾಲಕರು ಅಂಗಳದಲ್ಲಿ ನಿಂತಿದ್ದರು. "ಅವರು ನಿಮ್ಮ ಖಾಸಾ ಅವ್ವ, ಹಡದಾಕಿ, ಅಲ್ಲಂತಲ್ರಿ. ಮೊದಲ ಹೇಳಬೇಕಿತ್ತು."

"ಖೋಲಿ ಖಾಲಿ ಮಾಡ್ತೇನ್ರಿ," ಅಂದೆ. "ಆದ್ರ ಆಕಿ ನಮ್ಮ ಖಾಸಾ ಅವ್ವನ ಇದ್ಲು."