ಕಡೆಯ ರೀಲು

ಪುಸ್ತಕದ ನಡುವಿನ ಎರಡು ಪಿನ್ನುಗಳು ತುಕ್ಕು ಹಿಡಿದು, ಎಂಟನೆಯ ಪುಟದಲ್ಲೂ ಒಂಬತ್ತನೆಯ ಪುಟದಲ್ಲೂ ಎರಡೆರಡು ಕಂದು ಕಲೆ ಬಿಟ್ಟಿವೆ. ಹದಿನಾರು ಪುಟ, ಅಂಗೈಯಷ್ಟಗಲ, ಗುಲಾಬಿ ಬಣ್ಣದ ತೆಳು ಹೊದಿಕೆ. ಮೂಗಿನ ಹತ್ತಿರ ಹಿಡಿದರೆ ಮೊದಲು ಹಳೆಯ ಕಾಗದದ ವಾಸನೆ, ಅದರ ಹಿಂದೆ ತಡವಾಗಿ ಲವಂಗದ ವಾಸನೆ. ಹುಳ ಹಿಡಿಯಬಾರದೆಂದು ಜೈನಬ್ ಖಾಲಾ ತನ್ನ ಹಾಡಿನ ಪುಸ್ತಕಗಳ ನಡುವೆ ಲವಂಗ ಇಡುತ್ತಿದ್ದಳು. ಸಿನಿಮಾ ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಉರ್ದು ಪುಸ್ತಕಗಳು ಅವು. ಮೊದಲ ಎರಡು ಪುಟ ಕಥೆ, ಉಳಿದವು ಹಾಡು. ಕಥೆ ಯಾವಾಗಲೂ ಎದೆ ಬಡಿದುಕೊಳ್ಳುವ ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು. ಅದರ ಕೆಳಗೆ ಒಂದು ಸಾಲು: ಮುಂದಿನದನ್ನು ಪರದೆಯ ಮೇಲೆ ನೋಡಿರಿ.

ಕಲ್ಯಾಣಿಯಲ್ಲಿ, ಈಗ ಬಸವಕಲ್ಯಾಣ ಎನ್ನುವ ಊರಿನಲ್ಲಿ, ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ನಮ್ಮ ಮನೆಗೂ ಖಾಲಾನ ಮನೆಗೂ ಒಂದೇ ಗೋಡೆಯಿತ್ತು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ. ನಮ್ಮ ಹಿಂದಿನ ಪಡಸಾಲೆಯಲ್ಲಿ, ಒಂಬತ್ತು ವರ್ಷದ ನನ್ನ ಗಲ್ಲದ ಮಟ್ಟಕ್ಕೆ, ಆ ಗೋಡೆಯಲ್ಲಿ ಒಂದು ಕಿಂಡಿ. ಯಾವ ಕಾಲದಲ್ಲಿ ಯಾರು ಕೊರೆಸಿದರೋ ಗೊತ್ತಿಲ್ಲ. ಬೇಸಿಗೆಯ ಮಧ್ಯಾಹ್ನ ಅದಕ್ಕೆ ಕೆನ್ನೆ ಒತ್ತಿದರೆ ಕಲ್ಲು ತಣ್ಣಗಿರುತ್ತಿತ್ತು, ಆಚೆಯಿಂದ ಲೋಬಾನದ ಹೊಗೆ ಎಳೆಯಾಗಿ ಈಚೆ ಬರುತ್ತಿತ್ತು. ಹೆಪ್ಪು, ಕೆಂಡ, ಕರಿಬೇವು, ಸೂಜಿ, ಎಲ್ಲ ಆ ಕಿಂಡಿಯಲ್ಲೇ ಓಡಾಡುತ್ತಿದ್ದವು. ಆಚೆಯಿಂದ ಬಂದ ಸಕ್ಕರೆ, ಹಣ್ಣು ಮಾತ್ರ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಳಗೆ ತರಗೊಡುತ್ತಿದ್ದಳು. ಶೇವಿಗೆಯ ಖೀರನ್ನು ನಾನು ಕಿಂಡಿಯ ಹತ್ತಿರವೇ ನಿಂತು ತಿಂದು, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದೆ. ಆಯಿಗೆ ಗೊತ್ತಿತ್ತು. ಅವಳು ಬೆನ್ನು ತಿರುಗಿಸಿ ಕೂತಿರುತ್ತಿದ್ದಳು.

ಕಿಂಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡಿದ್ದು ಸಿನಿಮಾ. ಕಲ್ಯಾಣಿಯಲ್ಲಿ ಆಗ ಚಿತ್ರಮಂದಿರ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಹುಮನಾಬಾದಿನ ಬಯಲಿನಲ್ಲಿ ಟೆಂಟು ಬರುತ್ತಿತ್ತು. ಅಲ್ಲಿ ನನ್ನ ಸೋದರಮಾವ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅವನ ಮನೆಗೆ ಹೋದ ನೆಪದಲ್ಲಿ ನಾನೂ ಗಂಗತ್ತಿಯೂ ಸಿನಿಮಾ ನೋಡಿ ಬರುತ್ತಿದ್ದೆವು. ಗಂಗತ್ತಿ ಅಪ್ಪನ ತಂಗಿ. ಗಂಡನ ಮನೆ ಹುಲಸೂರು, ಆದರೆ ವರ್ಷದ ಎಂಟು ತಿಂಗಳು ನಮ್ಮಲ್ಲೇ. ನಾವು ಬಂದ ಮರುದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಸಿನಿಮಾ ಹೇಳುವುದು ನಡೆಯುತ್ತಿತ್ತು. ಅವ್ವ ಮಾತ್ರ ಸಿನಿಮಾ ಎಂದರೆ ತಲೆನೋವು ಎಂದು ಒಳಗೆ ಮಲಗುತ್ತಿದ್ದಳು. ಕಿಂಡಿಯ ಆಚೆ ಖಾಲಾ, ಈಚೆ ಗೋಡೆಗೆ ಒರಗಿ ಗಂಗತ್ತಿ, ಮೊರದಲ್ಲಿ ಜೋಳ ಹಸನು ಮಾಡುತ್ತ ಆಯಿ. ಆಯಿ ಟೆಂಟಿನ ಹೊಸ್ತಿಲು ಕಂಡವಳಲ್ಲ, ಆದರೆ ತೀರ್ಪು ಅವಳದೇ.

"ಎಷ್ಟ ಸಲ ಸೆರಗು ಕಣ್ಣಿಗೆ ಹಚ್ಚಿದ್ರಿ?" ಎಂದು ಕೇಳುವಳು.

"ಮೂರು ಸಲ, ಆಯಿ," ಎನ್ನುವಳು ಗಂಗತ್ತಿ.

"ಹಂಗಾರ ನೋಡೂವಂಥಾದ್ದು ಬಿಡು."

ಗಂಗತ್ತಿ ಎಲ್ಲ ಹೇಳುತ್ತಿದ್ದಳು, ಕಡೆಯ ರೀಲು ಬಿಟ್ಟು. ಅದು ಅವಳು ಹಾಕಿದ ಕಟ್ಟಳೆ. "ಪುಸ್ತಕ ಛಾಪಿಸಿದವ್ರೇ ಬರಿಯಂಗಿಲ್ಲ, ನಾ ಹೇಳ್ಲೇನು? ಹೇಳಿದ್ರ ನೋಡವ್ರಿಗೆ ಏನು ಉಳೀತದ?" ಎನ್ನುವಳು. ನೋಡುವವರು ಎಂದರೆ ಖಾಲಾ. ಅವರ ಮನೆಯ ಹೆಂಗಸರು ಟೆಂಟಿಗೆ ಹೋಗುವಂತಿರಲಿಲ್ಲ, ಖಾಲಾ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಎಂದಾದರೂ ನೋಡುತ್ತಾಳೆ ಎಂದು ಎಲ್ಲರೂ ನಂಬಿದಂತೆ ನಡೆಯುತ್ತಿದ್ದೆವು, ಆ ನಂಬಿಕೆಯ ಗೌರವಕ್ಕಾಗಿ ಕಡೆಯ ರೀಲನ್ನು ಮುಚ್ಚಿಡುತ್ತಿದ್ದೆವು. ಹೀಗೆ ಅವಳ ಹತ್ತಿರ ಮೂವತ್ತು ನಲವತ್ತು ಸಿನಿಮಾಗಳು ಕೊನೆಯಿಲ್ಲದೆ ಕೂಡಿಬಿದ್ದಿದ್ದವು. ಜರಿಯ ಕೆಲಸ ಮಾಡುತ್ತ ಅವಳು ಅವಕ್ಕೆ ತಾನೇ ಕೊನೆ ಕಟ್ಟುತ್ತಿದ್ದಳು. ಆದರೂ ಓಣಿಯ ಹೆಂಗಸರು ಯಾವ ಪಿಚ್ಚರ್ ನೋಡಬೇಕೆಂದು ಕೇಳಲು ಬರುತ್ತಿದ್ದುದು ಅವಳ ಹತ್ತಿರವೇ. "ಹಾಡಿಗೆ ಹೋಗ್ರಿ, ಕಥಿಗೆ ನಕ್ಕೋ, ಬ್ಯಾಡ," ಎಂದು ಅವಳು ಹೇಳಿದರೆ ಅದು ಸುಳ್ಳಾದದ್ದು ನನಗೆ ನೆನಪಿಲ್ಲ.

ಒಂದು ಮಾತು ಮಾತ್ರ ಕಿಂಡಿಯಲ್ಲಿ ಬರುತ್ತಿರಲಿಲ್ಲ. ಖಾಲಾಗೆ ಒಬ್ಬಳು ಮಗಳಿದ್ದಳು, ಮುನ್ನಿ. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಐದು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಆ ಹೆಸರನ್ನು ಎರಡೂ ಮನೆಗಳಲ್ಲಿ ಯಾರೂ ಎತ್ತುತ್ತಿರಲಿಲ್ಲ, ಎತ್ತದಿರುವುದೇ ಮರ್ಯಾದೆ ಎಂದು ನನಗೂ ಕಲಿಸಿದ್ದರು.

ನನಗೆ ಒಂಬತ್ತು ತುಂಬಿದ ವರ್ಷ ಹುಮನಾಬಾದಿನಲ್ಲಿ ಖಾಲಾನ ನಾದಿನಿಯ ಮಗಳ ಶಾದಿ ನಿಶ್ಚಯವಾಯಿತು. ಟೆಂಟು ಅಲ್ಲೇ ಇತ್ತು. ಖಾಲಾನ ಗಂಡ ಚಪ್ಪಲಿ ವ್ಯಾಪಾರಿ, ಮೆತ್ತನೆಯ ಮನುಷ್ಯ. "ನೀ ಹೇಳಬ್ಯಾಡ, ನಾ ಕೇಳಂಗಿಲ್ಲ," ಎಂದನಂತೆ. ಶಾದಿಯ ಗದ್ದಲದಲ್ಲಿ ಒಂದೇ ಒಂದು ಸಂಜೆ ಬಿಡುವು ಮಾಡಿಕೊಳ್ಳಬಹುದಿತ್ತು. ಟೆಂಟಿನವನ ಹತ್ತಿರ ಆ ವಾರ ಮೂರು ಸಿನಿಮಾ, ದಿನಕ್ಕೊಂದು. ಯಾವುದು ನೋಡತಕ್ಕದ್ದು? ಹದಿನೈದು ದಿನ ಕಿಂಡಿಯಲ್ಲಿ ಬೇರೆ ಮಾತಿಲ್ಲ.

"ಸಂತರದ್ದು ನೋಡ್ರಿ ಆಪಾ," ಎಂದಳು ಗಂಗತ್ತಿ. "ಕಡಿಗೆ ಆಕಾಶದಿಂದ ಹೂವು ಬೀಳ್ತಾವ." ತಕ್ಷಣ ನಾಲಿಗೆ ಕಚ್ಚಿಕೊಂಡಳು.

"ಕಡೀ ರೀಲ್ ಹೇಳಿಬಿಟ್ಟೆಲ್ಲ! ಇನ್ನ ಅದು ಆಗಂಗಿಲ್ಲ," ಎಂದು ಖಾಲಾ ಆಚೆಯಿಂದ ನಕ್ಕಳು.

ಮಾವ ಕತ್ತಿವರಸೆಯದ್ದು ನೋಡಲಿ ಎಂದು ಹೇಳಿ ಕಳಿಸಿದ್ದ. ಅದರಲ್ಲಿ ಹನ್ನೆರಡು ಕುದುರೆ ಇವೆಯಂತೆ. "ಕುದುರಿ ನೋಡಾಕ ಟಾಂಗಾ ಅಡ್ಡಾಕ್ಕ ಹೋದ್ರ ಆಯ್ತು," ಎಂದಳು ಆಯಿ.

ಆಗ ನಾನು ಬಾಯಿ ಬಿಟ್ಟೆ. "ಬಳಿ ಮಾರಾಕಿದು ನೋಡ್ರಿ, ಖಾಲಾ."

ಹಿಂದಿನ ವಾರ ಮಾವನ ಜೊತೆ ನಾನೊಬ್ಬಳೇ ನೋಡಿದ ಸಿನಿಮಾ ಅದು. ಊರೂರು ಬಳೆ ಮಾರುವ ತಾಯಿ, ಅವಳಿಗೊಬ್ಬಳು ಚಿಕ್ಕ ಮಗಳು. ಮಗಳಿಗೆ ಜ್ವರ ಬರುತ್ತದೆ. ವೈದ್ಯರು ಕೈ ಚೆಲ್ಲುತ್ತಾರೆ. ಆದರೆ ಕಡೆಯ ರೀಲಿನಲ್ಲಿ ಆ ಹುಡುಗಿ ಬದುಕುತ್ತಾಳೆ. ನಾನು ಅದನ್ನು ಆರಿಸಿದ್ದೇ ಅದಕ್ಕಾಗಿ. ಜ್ವರ ಬಂದ ಹುಡುಗಿ ಎದ್ದು ಕೂರುವುದನ್ನು ಖಾಲಾ ಒಂದು ಸಲವಾದರೂ ನೋಡಬೇಕು ಎಂದು ನನಗೆ ಅನ್ನಿಸಿತ್ತು. ಒಂಬತ್ತು ವರ್ಷದವಳ ಲೆಕ್ಕದಲ್ಲಿ ಅದರಾಚೆ ಏನೂ ಇರಲಿಲ್ಲ.

"ಯಾಕ ಬೇಟಾ? ಏನದ ಅದರಾಗ?"

ಹೇಳುವಂತಿರಲಿಲ್ಲ. "ಛಲೋ ಅದ," ಎಂದೆ.

"ಎಷ್ಟ ಸಲ ಅತ್ತಿ?" ಎಂದಳು ಆಯಿ.

"ಒಂದೇ ಸಲ. ಕಡೀಕ."

ಗಂಗತ್ತಿ ಮುಖ ಮುರಿದಳು. "ಈಕಿ ಮಾತೇ ಆಡಂಗಿಲ್ಲ," ಎಂದಳು ಖಾಲಾ ಆಚೆಯಿಂದ. "ಆಡಿದ್ರ ಖರೇನೇ ಇರ್ತದ. ಅದೇ ನೋಡೂನು."

ಟೆಂಟಿನಲ್ಲಿ ಹೆಂಗಸರ ಜಾಗಕ್ಕೆ, ಗಂಡಸರಿಗೆ ಕಾಣದಂತೆ, ಮುಂದೊಂದು ಬಿಳಿ ಬಟ್ಟೆಯ ಪರದೆ. ದೀಪ ಆರಿದ ಮೇಲೆ ಅದನ್ನು ಎತ್ತುತ್ತಿದ್ದರು. ಯಂತ್ರ ಒಂದೇ ಇದ್ದುದರಿಂದ ಪ್ರತಿ ರೀಲು ಮುಗಿದಾಗಲೂ ದೀಪ ಹತ್ತಿಸಿ, ಪರದೆ ಇಳಿಸಿ, ಮುಂದಿನ ರೀಲು ಹಾಕುವವರೆಗೆ ಎಲ್ಲರೂ ಕಾಯಬೇಕು. ಚಾಪೆಯ ಮೇಲೆ ನಾನು ಖಾಲಾನ ಎಡಕ್ಕೆ, ಗಂಗತ್ತಿ ಬಲಕ್ಕೆ. ಕತ್ತಲಲ್ಲಿ ಬುರಖಾದ ಮುಸುಕು ಹಿಂದೆ ಸರಿಸಿದ ಖಾಲಾನ ಮುಖದ ಮೇಲೆ ಬೆಳಕು ಆಡುತ್ತಿತ್ತು. ಕಿಂಡಿಯ ಚೌಕಟ್ಟಿಲ್ಲದೆ ಅಷ್ಟು ಹೊತ್ತು ಆ ಮುಖವನ್ನು ನಾನು ನೋಡಿರಲಿಲ್ಲ. ಮೊದಲ ಹಾಡಿಗೆ ಅವಳ ತುಟಿಯೂ ಆಡಿತು, ಹಾಡು ಅವಳಿಗೆ ಪುಸ್ತಕದಿಂದ ಬಾಯಿಪಾಠವಾಗಿತ್ತು. ಆಮೇಲೆ ಹುಡುಗಿಗೆ ಜ್ವರ ಬಂತು. ತಾಯಿ ಒದ್ದೆ ಬಟ್ಟೆಯನ್ನು ಹಣೆಗೆ ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ. ಹುಡುಗಿಯ ಕೈ ಹಾಸಿಗೆಯಿಂದ ಜೋತು ಬೀಳುತ್ತದೆ, ಬಳೆಗಳು ಒಂದೊಂದಾಗಿ ಜಾರಿ ನೆಲಕ್ಕೆ ಉರುಳುತ್ತವೆ. ಅಲ್ಲಿಗೆ ರೀಲು ಮುಗಿಯಿತು. ದೀಪ ಹತ್ತಿತು, ಪರದೆ ಇಳಿಯಿತು. ಖಾಲಾ ಮುಸುಕು ಎಳೆದುಕೊಂಡು ಎದ್ದು ನಿಂತಳು.

"ಆಪಾ, ಇನ್ನೊಂದು ರೀಲ್ ಅದ," ಎಂದಳು ಗಂಗತ್ತಿ.

"ಸಾಕು," ಎಂದಳು ಖಾಲಾ. ಒಂದೇ ಮಾತು, ಯಾರಿಗೂ ಬೇಸರವಾಗದ ದನಿಯಲ್ಲಿ.

ಅವಳ ಹಿಂದೆ ಗಂಗತ್ತಿ, ಗಂಗತ್ತಿಯ ಹಿಂದೆ ನಾನು ಹೊರಗೆ ಬಂದೆವು. ಬಂಡಿಯಲ್ಲಿ ಕೂತಾಗ ಟೆಂಟಿನೊಳಗೆ ಕಡೆಯ ರೀಲಿನ ಸಂಗೀತ ಶುರುವಾಗಿತ್ತು. ಮೂವರಲ್ಲಿ ಅದನ್ನು ನೋಡಿದ್ದವಳು ನಾನೊಬ್ಬಳೇ. ಹೇಳಬೇಕೆಂದು ಬಾಯಿ ತೆರೆದೆ. ಗಂಗತ್ತಿ ನನ್ನ ಮೊಣಕಾಲು ಹಿಚುಕಿದಳು. ಊರಿಗೆ ಬಂದ ಮೇಲೆ ಬೈಯಲಿಲ್ಲ. "ಗೊತ್ತಿದ್ದೂ ಇದನ್ನ ಯಾಕ ನೋಡಂದಿ? ಇನ್ನ ಆ ಪಿಚ್ಚರಿನ ಮಾತು ತಗೀಬ್ಯಾಡ," ಎಂದಳು ಅಷ್ಟೆ. ಕಡೆಗೆ ಹುಡುಗಿ ಬದುಕುತ್ತಾಳೆ ಎಂದು ಅವಳಿಗೂ ನಾನು ಹೇಳಲಿಲ್ಲ. ದೊಡ್ಡವರು ಮುಚ್ಚು ಎಂದರೆ ಮುಚ್ಚುವ ಹುಡುಗಿ ನಾನು.

ಕಿಂಡಿ ಮುಚ್ಚಲಿಲ್ಲ. ಹೆಪ್ಪು ಹೋಯಿತು, ಸಕ್ಕರೆ ಬಂತು, ಬೇರೆ ಸಿನಿಮಾಗಳ ಮಾತು ಮೊದಲಿನಂತೆ ನಡೆಯಿತು. ಆದರೆ ಮುಂದಿನ ತಿಂಗಳು ಓಣಿಯ ಹೆಂಗಸೊಬ್ಬಳು ಬಳೆಗಾರತಿಯ ಸಿನಿಮಾ ಹೇಗಿದೆ ಎಂದು ಆಚೆ ಕೇಳಿದ್ದು ನನ್ನ ಕಿವಿಗೆ ಬಿತ್ತು. ಖಾಲಾ ಹೇಳಿದಳು: "ಅದು ನಕ್ಕೋ. ಅದರಾಗ ಕೂಸು ಸಾಯ್ತದ." ಜೀವನದಲ್ಲಿ ಅವಳು ಬೇರೆಯವರಿಗೆ ಹೇಳಿದ ಒಂದೇ ಕಡೆಯ ರೀಲು ಅದು, ಅದೂ ತಪ್ಪು. ನಮ್ಮ ಓಣಿಯಿಂದ ಯಾರೂ ಆ ಸಿನಿಮಾಕ್ಕೆ ಹೋಗಲಿಲ್ಲ. ನಾನು ಈಚೆ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದೆ. ತಣ್ಣನೆಯ ಕಲ್ಲು. ಎರಡು ಮೊಳ ದೂರ. ಹೇಳಲಿಲ್ಲ. ಒಂದು ದಿನ ಹೇಳದ ಮಾತನ್ನು ಎರಡನೆಯ ದಿನ ಹೇಳುವುದು ಇನ್ನೂ ಕಷ್ಟ, ಒಂದು ವರ್ಷದ ಮೇಲೆ ಅದಕ್ಕೆ ಬಾಗಿಲೇ ಕಾಣುವುದಿಲ್ಲ. ಹೀಗೆ ಎಂಟು ವರ್ಷ ಹೋದವು.

ನಲವತ್ತೆಂಟರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ನಮ್ಮ ಕಡೆಯವರಿಗೆ ಬರೆಯುವ ಅಗತ್ಯವೂ ಇಲ್ಲ. ಮೊದಲು ನಾವು ಹೆದರಿದೆವು, ಆಮೇಲೆ ಅವರು. ಗೋರ್ಟಾದ ಕೊಲೆಗಳ ಸುದ್ದಿ ಬಂದ ದಿನಗಳಲ್ಲಿ ನಮ್ಮ ಅವ್ವನ ಒಡವೆ ಕಿಂಡಿಯಿಂದ ಆಚೆ ಹೋಗಿ ಖಾಲಾನ ಅಕ್ಕಿಯ ಮಡಕೆಯಲ್ಲಿ ಕೂತಿತ್ತು. ಕೆಲವು ತಿಂಗಳ ಮೇಲೆ, ದಂಡು ಬಂದು ಕಾಲ ತಿರುಗಿದಾಗ, ಖಾಲಾ ಮತ್ತು ಅವಳ ಗಂಡ ನಮ್ಮ ಜೋಳದ ಕೋಣೆಯಲ್ಲಿ ಮೂರು ದಿನ ಕೂತಿದ್ದರು. ಆ ಮೂರು ದಿನ ಆಯಿ ತಾನೇ ಅವರಿಗೆ ಬಡಿಸಿದಳು, ಅವರ ತಾಟು ತಾನೇ ತೊಳೆದಳು. ಒಡವೆ ತಿರುಗಿ ಬಂತು, ಅವರೂ ತಮ್ಮ ಮನೆಗೆ ತಿರುಗಿ ಹೋದರು. ಆದರೆ ಅಂಗಡಿ ಉಳಿದಿರಲಿಲ್ಲ. ಹೈದರಾಬಾದಿನಲ್ಲಿ ಖಾಲಾನ ತಮ್ಮನಿದ್ದ. ಅಲ್ಲಿಗೆ ಹೋಗುವುದೆಂದಾಯಿತು.

ಈಗ ಆಯಿ ಇಲ್ಲ. ಆಚೆ ಮನೆ ಕೊಂಡವರು ಹೊಸ ಗೋಡೆ ಕಟ್ಟಿಸಿದ್ದಾರೆ, ನಯವಾದ ಗಿಲಾವು, ಎಲ್ಲೂ ಒಂದು ತೂತಿಲ್ಲ. ಗಂಗತ್ತಿ ಹುಲಸೂರಿನಲ್ಲೇ ಇರುತ್ತಾಳೆ, ಬಂದರೂ ಪಡಸಾಲೆಯಲ್ಲಿ ಕೂರುವುದಿಲ್ಲ. ಹೈದರಾಬಾದಿನಿಂದ ಎರಡು ಕಾಗದ ಬಂದವು, ಆಮೇಲೆ ಬರಲಿಲ್ಲ. ಅಲ್ಲೇ ಕಾಲೇಜಿಗೆ ಸೇರಿದಾಗ ಕಾಗದದ ಮೇಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಖಾಲಾ ಆ ನಗರದ ಅಷ್ಟೊಂದು ಚಿತ್ರಮಂದಿರಗಳಲ್ಲಿ ಒಂದಕ್ಕಾದರೂ ಹೋದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಅವರು ಹೈದರಾಬಾದಿಗೆ ಹೊರಡುವ ಹಿಂದಿನ ಸಂಜೆ ಖಾಲಾ ಹಾಡಿನ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಕಿಂಡಿಯಲ್ಲಿ ಕೊಟ್ಟಳು. "ಗಂಟಿನಾಗ ಜಾಗಾ ಇಲ್ಲ ಬೇಟಾ. ನೀ ಓದಾಕಿ, ನಿನ್ನ ಹತ್ರ ಇರಲಿ." ಪ್ರತಿ ಪುಸ್ತಕದಲ್ಲೂ ಕಥೆ ನಿಂತ ಜಾಗದ ಕೆಳಗೆ, ಆ ಅಚ್ಚಿನ ಸಾಲಿನ ಪಕ್ಕದಲ್ಲಿ, ಪೆನ್ಸಿಲಿನಿಂದ ಸಣ್ಣ ಉರ್ದು ಅಕ್ಷರಗಳಲ್ಲಿ ಅವಳು ಕಟ್ಟಿದ ಕೊನೆಗಳಿದ್ದವು. ಹುಡುಗ ತಿರುಗಿ ಬಂದ. ಅತ್ತೆ ಕ್ಷಮೆ ಕೇಳಿದಳು. ಇಬ್ಬರೂ ಒಂದೇ ದೋಣಿ ಹತ್ತಿದರು. ಬಳೆಗಾರತಿಯ ಆ ಗುಲಾಬಿ ಹೊದಿಕೆಯದರಲ್ಲಿ ಮಾತ್ರ ಆ ಜಾಗ ಖಾಲಿಯಿತ್ತು.

ಮರುದಿನ ಬೆಳಿಗ್ಗೆ ಬಂಡಿ ಹೂಡಿದ್ದರು. ಓಣಿಯವರು ದೂರ ದೂರ ನಿಂತಿದ್ದರು. ನಾನು ಯಾರನ್ನೂ ಕೇಳದೆ ಹಿಂದಿನಿಂದ ಬಂಡಿ ಹತ್ತಿ, ಪರದೆ ಸರಿಸಿ ಒಳಗೆ ಕೂತು, ಖಾಲಾನ ಕೈ ಹಿಡಿದೆ. ಎತ್ತುಗಳು ಹೆಜ್ಜೆ ಇಟ್ಟವು. ಊರ ಅಗಸಿ ಬಾಗಿಲವರೆಗೆ ಹೇಳುತ್ತ ಹೋದೆ: ದೀಪ ಆರಿದ ಮೇಲೆ ಮೊದಲು ಆ ಹುಡುಗಿಯ ಬೆರಳು ಅಲ್ಲಾಡ್ತದ ಖಾಲಾ, ಆಮೇಲೆ ನೀರು ಕೇಳ್ತಾಳ, ನೀರು ಕುಡಿದು ನನ್ನ ಬಳಿ ಎಲ್ಲಿ ಅಂತಾಳ, ಅವ್ವ ನೆಲದ ಮ್ಯಾಲಿಂದ ಒಂದೊಂದೇ ಆರಿಸಿ ತೊಡಸ್ತಾಳ, ಕೈ ಸಣ್ಣಗಾಗ್ಯಾದಲ್ಲ, ಬಳಿ ನಿಲ್ಲಂಗಿಲ್ಲ, ಮೊಣಕೈತನಕ ಜಾರ್ತಾವ, ಇಬ್ಬರೂ ನಗತಾರ.