ಒಗ್ಗರಣೆಯ ಕೆಮ್ಮು

ಮುಂಬಯಿ ಮಾಟುಂಗದ ನಮ್ಮ ಉಡುಪಿ ಹೋಟೆಲಿನ ಅಡುಗೆಯ ದೂಜಣ್ಣ ಒಮ್ಮೆ ಕೆಮ್ಮಿದರೆ ಕುರ್ಲಾದಲ್ಲಿ ನಿಂತಿದ್ದ ಲೋಕಲ್ ರೈಲು ಹಾರ್ನ್ ಕೇಳಿತೆಂದು ಹೊರಟೇಬಿಡುತ್ತದೆ. ಬಾಣಲೆಗೆ ಒಣಮೆಣಸು ಬೀಳುತ್ತದೆ, ಒಳಗಿಂದ ಕೆಮ್ಮು ಬರುತ್ತದೆ, ಸಾಂಬಾರು ಆಯಿತೆಂದು ನಾವು ಗಿರಾಕಿಗಳು ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ. ಡಾಕ್ಟರಿಗೆ ತೋರಿಸಪ್ಪ ಎಂದರೆ, "ಒಗ್ಗರಣೆಗೆ ಕೆಮ್ಮದವ ಎಂತ ಅಡುಗೆಯವ ಮಾರಾಯ್ರೆ?" ಎನ್ನುತ್ತಾನೆ. ಬೀಡಿ ಸೇದುವವರ ನೆರಳೂ ಅವನ ಒಲೆಯ ಹತ್ತಿರ ಸುಳಿಯುವಂತಿಲ್ಲ; ಮನೆಯಲ್ಲಿ ದೇವರಿಗೆ ಊದುಬತ್ತಿಯನ್ನೂ ಹೆಂಡತಿ ವಿನೋದಿನಿಯೇ ಹಚ್ಚಬೇಕು. ಈಚೆಗೆ ಯಾಕೆ ಇಷ್ಟು ಸೊರಗಿದ್ದೀ ಎಂದು ಕೇಳಿದರೆ ನನ್ನ ಹೊಟ್ಟೆ ತೋರಿಸಿ, "ನನ್ನ ತೂಕ ಎಲ್ಲ ಅಲ್ಲಿ ಡಿಪಾಸಿಟ್ ಉಂಟಲ್ಲ!" ಎನ್ನುತ್ತಾನೆ. ಒಂದು ದಿನ ಹೋಟೆಲಿಗೆ ಗ್ಯಾಸ್ ಬರಲಿಲ್ಲ. ಒಲೆಗಳೆಲ್ಲ ತಣ್ಣಗಿದ್ದವು; ನಾವು ಹಿಂದಿನ ದಿನದ ಬನ್ಸ್ ಅಗಿಯುತ್ತ ಕೂತಿದ್ದೆವು. ಒಳಗಿಂದ ಅದೇ ಕೆಮ್ಮು ಕೇಳಿತು. ತಟ್ಟೆಗೆ ಚಾಚಿದ ನನ್ನ ಕೈ ಅಲ್ಲೇ ನಿಂತಿತು. ಬಾಣಲೆಯೇ ಕಾಯದೆ ಈ ಕೆಮ್ಮು ಎಲ್ಲಿಂದ ಬಂತು? ಒಳಗೆ ಹೋಗಿ ನೋಡಿದರೆ ಅವನು ಬಾಯಿ ಒರೆಸಿಕೊಂಡ ಬೈರಾಸಿನಲ್ಲಿ ರಕ್ತ. ಆಸ್ಪತ್ರೆಗೆ ಎಳೆದುಕೊಂಡು ಹೋದೆವು. ಎಕ್ಸ್‌ರೇ, ಸ್ಕ್ಯಾನ್, ಸೂಜಿ ಚುಚ್ಚಿ ತೆಗೆದ ಚೂರಿನ ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಎಂದರು. "ಸೇದದವರಿಗೂ ಬರುತ್ತೆ. ಮೂರು ವಾರ ಬಿಡದ ಕೆಮ್ಮಿದ್ದರೆ ಬಂದುಬಿಡಬೇಕಿತ್ತು. ಇರಲಿ, ಔಷಧಿ ಶುರು ಮಾಡೋಣ." ದೂಜಣ್ಣ ಉಪ್ಪು ಹೆಚ್ಚಾಯಿತೇ ಎಂದು ವಿಚಾರಿಸುವವನ ಹಾಗೆ ಮೆಲ್ಲಗೆ ಕೇಳಿದ: "ಡಾಕ್ಟ್ರೇ, ಹಾಗಾದ್ರೆ ನಾನು ಒಗ್ಗರಣೆಗೆ ಕೆಮ್ಮಿದ್ದು ಯಾವುದು, ಇದಕ್ಕೆ ಕೆಮ್ಮಿದ್ದು ಯಾವುದು?"