ಗಿಟಾರಿನ ಹಲಗೆಗೆ ಕುಸುಬಿ ಎಣ್ಣೆ

ರೈಲ್ವೆಯ ಆಂಗ್ಲೋ-ಇಂಡಿಯನ್ ಡ್ರೈವರ್ ಸಾಹೇಬರು ಗಿಟಾರನ್ನು ಬಗಲಲ್ಲಿ ಹಿಡಿದು ಬಳ್ಳಾರಿಯ ನನ್ನ ಬಡಗಿ ಅಂಗಡಿಗೆ ಬಂದಾಗ ಎರಡನೇ ಮಹಾಯುದ್ಧ ಮುಗಿದು ಸ್ವಲ್ಪ ಕಾಲವಾಗಿತ್ತು. ತಂತಿಗಳ ಕೆಳಗೆ ಬೆರಳು ಒತ್ತುವ ಹಲಗೆ ನಮ್ಮೂರ ಬಿಸಿಲಿಗೆ ಉದ್ದಕ್ಕೂ ಸೀಳಿತ್ತು. ಭಾನುವಾರ ಅವರ ಮಗಳ ಮದುವೆ. ಆಕೆ ಕುಣಿದರೆ ಅಪ್ಪನ ಗಿಟಾರಿಗೇ ಕುಣಿಯಬೇಕೆಂದು ಚಿಕ್ಕಂದಿನಲ್ಲೇ ಮಾತಾಗಿತ್ತಂತೆ.

“ಆಗ್ತದೇನು ಮೇಸ್ತ್ರಿ? ಮದ್ರಾಸಿಗೆ ಕಳಿಸಾಕ ಟೈಮಿಲ್ಲ.”

“ಮದ್ರಾಸ್ ಯಾಕ್ರಿ ಸಾಹೇಬ್ರ? ನಾನೇನು ಇಲ್ಲಿ ನೊಣ ಹೊಡ್ಯಾಕ ಕುಂತೀನೇನು?”

ಅಲ್ಲಿಯವರೆಗೆ ನಾನು ಗಿಟಾರನ್ನು ಮುಟ್ಟಿದವನೂ ಅಲ್ಲ! ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟು ಕುರುಗೋಡಿನಲ್ಲಿ ಬಂಡಿಯ ಗಾಲಿ ಮಾಡುತ್ತ ಕೆಲಸ ಕಲಿತ ಕೈ ನನ್ನದು. ಮರದ ಕೆಲಸ ಯಾವುದೇ ಇರಲಿ, ಬರುವುದಿಲ್ಲ ಎಂದು ಹೇಳಿ ಗೊತ್ತಿರಲಿಲ್ಲ.

ದಂಡು ಪ್ರದೇಶದ ಬಂಗಲೆಯೊಂದರ ಹರಾಜಿನಲ್ಲಿ ಹಿಡಿದ ಮುರುಕು ಮೇಜು ಅಂಗಡಿಯ ಮೂಲೆಯಲ್ಲಿತ್ತು. ಹಡಗಿನಲ್ಲಿ ಬಂದ ಮರ. ಅದರ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಪಟ್ಟಿ ಕೊಯ್ದು ಒದ್ದೆ ಬಟ್ಟೆಯಿಂದ ಒರೆಸಿದೆ. ಕರಿಗೆಂಪು ಮೈಮೇಲೆ ಹುಲಿಪಟ್ಟೆಗಳು ಎದ್ದು ನಿಂತವು! ಆದರೆ ಮರದ ಎಳೆ ಒಂದು ಕಡೆ ಇತ್ತ ವಾಲಿದರೆ ಪಕ್ಕದಲ್ಲೇ ಅತ್ತ ವಾಲುತ್ತಿತ್ತು. ಉಜ್ಜುಗೊರಡು ಆಡಿಸಿದರೆ ಚಕ್ಕೆ ಏಳುತ್ತಿತ್ತು. ಒಡೆದ ಗಾಜಿನ ಅಂಚಿನಿಂದ ಮೆಲ್ಲಗೆ ಹೆರೆದೆ. ಸೀಳಿದ ಹಲಗೆ ಕಿತ್ತು ಇದನ್ನು ಅಂಟಿಸಿ, ಹಳೆಯ ಹಲಗೆಯ ಅಳತೆಗೇ ಹಿತ್ತಾಳೆಯ ಅಡ್ಡಪಟ್ಟಿಗಳನ್ನು ಕೂರಿಸಿದೆ. ಮದುವೆಯ ಮಂಚಗಳಿಗೆ ಕೊಡುವಂತೆ ಅರಗಿನ ಪಾಲಿಶ್ ಕೊಟ್ಟೆ. ಮುಖ ನೋಡಿಕೊಳ್ಳಬಹುದಿತ್ತು.

ಶುಕ್ರವಾರ ಸಾಹೇಬರು ನುಡಿಸಿ ನೋಡಿದರು. ಅರ್ಧಕ್ಕೇ ನಿಲ್ಲಿಸಿದರು.

“ನೋಡಾಕ ಬಾಳ ಚಂದ ಐತಿ ಮೇಸ್ತ್ರಿ. ಆದ್ರ ಬೆವತ ಬೆರಳು ಹಲಗಿಗೆ ಅಂಟ್ಕೊಳ್ತದ. ಕೆಸರಿನಾಗ ಓಡಿದಂಗ.”

ಗಿಟಾರನ್ನು ಮನೆಗೆ ಹೊತ್ತೊಯ್ದೆ. ಹೆಂಡತಿ ಮರದ ಮರಿಗೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ವಿಷಯ ಹೇಳಿದೆ. ನಕ್ಕುಬಿಟ್ಟಳು!

“ಸಿರುಗುಪ್ಪದಿಂದ ನಮ್ಮವ್ವ ಕಳಿಸಿದ ಈ ಮರಿಗಿ ನೋಡ್ರಿ. ಬಿಸಿ ಹಿಟ್ಟು ನಾದಿದ್ರೂ ಅಂಟಂಗಿಲ್ಲ. ಇದಕ್ಕ ಯಾವ ಪಾಲಿಶ್ ಹಚ್ಚೀರಿ?”

“ಏನೂ ಹಚ್ಚಿಲ್ಲ.”

“ಮತ್ತ! ಕುಸುಬಿ ಎಣ್ಣಿ ತಿಕ್ಕಿ, ಒರೆಸಿ, ಬಿಸಿಲಿಗೆ ಇಡತೀವಿ. ನೀವು ಗಿಟಾರನ್ನ ಮಂಚ ಮಾಡೀರಿ. ಮಂಚದ ಮ್ಯಾಲೆ ಯಾರರ ರೊಟ್ಟಿ ಹಿಟ್ಟು ನಾದತಾರೇನು?”

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಕೈ ತುರಿಸತೊಡಗಿತು! ಹಿತ್ತಾಳೆ ಪಟ್ಟಿಗಳ ನಡುವೆ ಗಾಜಿನ ಚೂರು ಆಡಿಸಿ ಪಾಲಿಶನ್ನೆಲ್ಲ ಹೆರೆದು ತೆಗೆದೆ. ಎಣ್ಣೆಯನ್ನು ಬೆಚ್ಚಗೆ ಮಾಡಿ ಅರಿವೆಯಲ್ಲಿ ಅದ್ದಿ ತಿಕ್ಕಿದೆ, ಜಿಡ್ಡು ಉಳಿಯದಂತೆ ಒರೆಸಿದೆ. ಶನಿವಾರ ಗಿಟಾರಿನ ಹೊಟ್ಟೆಗೆ ಕಂಬಳಿ ಸುತ್ತಿ, ಹಲಗೆಗೆ ಮಾತ್ರ ಎಳೆಬಿಸಿಲು ತಾಕಿಸಿದೆ. ಮತ್ತೆ ತಿಕ್ಕಿದೆ, ಮತ್ತೆ ಒರೆಸಿದೆ. ಸಂಜೆಗೆ ಬೆರಳಿಟ್ಟರೆ ನಿಲ್ಲಲೊಲ್ಲದು, ಜಾರುತ್ತದೆ! ಪಟ್ಟೆಗಳಿಗೆ ಕನ್ನಡಿಯ ಹೊಳಪಿರಲಿಲ್ಲ. ಮರದ ಒಳಗಿನಿಂದಲೇ ಮಿಂಚುತ್ತಿದ್ದವು.

ಭಾನುವಾರ ಎಲ್ಲರೂ ಕುಣಿಯುವ ಮದುಮಗಳನ್ನು ನೋಡುತ್ತಿದ್ದರು. ನಾನು ನೋಡಿದ್ದು ಸಾಹೇಬರ ಎಡಗೈಯನ್ನು. ಬೆವರು ಸುರಿಯುತ್ತಿತ್ತು. ಬೆರಳುಗಳು ಒಮ್ಮೆಯೂ ತಡೆಯಲಿಲ್ಲ. ಹಾಡು ಮುಗಿದಾಗ ಅವರು ಗಿಟಾರನ್ನು ನನ್ನತ್ತ ಎತ್ತಿ ಹಿಡಿದರು.

ಮನೆಯ ಹೊಸ್ತಿಲಲ್ಲೇ ಹೆಂಡತಿ ಕೇಳಿದಳು: “ಅಂಟಿತೇನ್ರಿ?”

“ಅಂಟತೈತೇನು? ಕೆಲಸ ಯಾರದು?”

“ಕೆಲಸ ನಿಮ್ಮದ ಬಿಡ್ರಿ,” ಎಂದಳು, “ಎಣ್ಣಿ ಮಾತ್ರ ಸಿರುಗುಪ್ಪದ್ದು.”